ವಿಜಯನಗರದ ನಾಣ್ಯಗಳು

ತುಂಗಭದ್ರೆಯ ದಕ್ಷಿಣತೀರದ ಹಂಪೆಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಕ್ರಿ.ಶ. 1336ರಿಂದ 1565ರವರೆಗೂ, ಆ ನಗರವು ಹಾಳಾದ ಬಳಿಕ ಪೆನುಗೊಂಡೆ, ಚಂದ್ರಗಿರಿ, ವೇಲೂರುಗಳಿಂದ ಹದಿನೇಳನೆಯ ಶತಮಾನದ ಮಧ್ಯಭಾಗದವರೆಗೂ ಆಳಿದ ಸಂಗಮ, ಸಾಳುವ, ತುಳುವ, ಅರವೀಡು ವಂಶಗಳ ಅರಸರು ಹೊರಡಿಸಿದ ಚಿನ್ನ, ಬೆಳ್ಳಿ, ತಾಮ್ರಗಳ ಮುದ್ರಾಂಕಿತ ಹಣವನ್ನು ವಿಜಯನಗರದ ನಾಣ್ಯಗಳೆಂದು ಕರೆಯುವುದು ವಾಡಿಕೆ. ಇವುಗಳಲ್ಲಿ ಚಿನ್ನದ ವರಹವು ಪ್ರಧಾನವಾದುದು. ಬೆಳ್ಳಿಯ ತಾರವು ವಿರಳವಾದುದು. ತಾಮ್ರದ ಜೀತಲವು ಸಂತೆಪೇಟೆಗಳ ದಿನಬಳಕೆಯದು. ದೈವದ ರೂಪ, ಅರಸನ ನಾಮ, ಲೋಹದ ತೂಕ ಎಂಬ ಮೂರನ್ನೂ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಬಿಲ್ಲೆಯೊಂದರಲ್ಲಿ ಕೂಡಿಸಿದ ಈ ಪದ್ಧತಿಯು ತನ್ನನ್ನು ಹುಟ್ಟಿಸಿದ ರಾಜ್ಯವು ಅಳಿದ ಮೇಲೆಯೂ ಒಂದೂವರೆ ಶತಮಾನಕ್ಕೆ ಮಿಗಿಲಾಗಿ ದಕ್ಷಿಣ ಭಾರತದ ವ್ಯವಹಾರಕ್ಕೆ ಅಳತೆಗೋಲಾಗಿ ನಿಂತಿತು. ಈ ದೀರ್ಘಾಯುಷ್ಯವೇ ವಿಜಯನಗರದ ನಾಣ್ಯಗಳಿಗೆ ಇತಿಹಾಸದಲ್ಲಿ ವಿಶೇಷವಾದ ಸ್ಥಾನವನ್ನು ದೊರಕಿಸಿಕೊಟ್ಟಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಚಿನ್ನದ ನಾಣ್ಯದ ಸಂಪ್ರದಾಯವು ವಿಜಯನಗರಕ್ಕಿಂತ ಬಹಳ ಹಿಂದಿನದು. ಕಲ್ಯಾಣದ ಚಾಲುಕ್ಯರು, ಗೋವೆಯ ಕದಂಬರು, ದೇವಗಿರಿಯ ಯಾದವರು, ದೋರಸಮುದ್ರದ ಹೊಯ್ಸಳರು ತಂತಮ್ಮ ಗದ್ಯಾಣಗಳನ್ನು ಹೊರಡಿಸಿದ್ದರು. ಇವರಲ್ಲಿ ಯಾದವರ ಪದ್ಮಟಂಕಗಳು ಬಿಡಿಬಿಡಿಯಾದ ಮುದ್ರೆಗಳನ್ನು ಒಂದೊಂದಾಗಿ ಒತ್ತಿ ಬಟ್ಟಲಿನಂತೆ ತಗ್ಗುಮಾಡಿದವು. ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳಾದರೋ ಮೇಲೂ ಕೆಳಗೂ ಅಚ್ಚಿಟ್ಟು ಹೊಡೆದವು, ಹಿಂಬದಿಯಲ್ಲಿ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಬಿರುದುಗಳನ್ನು ಕನ್ನಡ ಲಿಪಿಯಲ್ಲಿ ಧರಿಸಿದವು. ಗೆದ್ದ ನಾಡಿನ ಹೆಸರನ್ನು ಪ್ರಜೆಗಳ ಕೈಯಿಂದ ಕೈಗೆ ದಾಟುವ ಚಿನ್ನದ ಮೇಲೆ ಬರೆಯಿಸಿ ಜಯವನ್ನು ಚಿರಸ್ಥಾಯಿಯಾಗಿಸುವ ಈ ಕ್ರಮವು ವಿಜಯನಗರದ ಅರಸರಿಗೆ ಹೊಯ್ಸಳರಿಂದ ಬಂದ ಬಳುವಳಿಯೆನ್ನಬಹುದು.

ವಿಜಯನಗರವು ಹುಟ್ಟುವುದಕ್ಕೆ ಸ್ವಲ್ಪ ಮುನ್ನ ಈ ಪ್ರಾಂತವನ್ನು ಆಳುತ್ತಿದ್ದ ಕಂಪಿಲಿಯ ರಾಜ್ಯವು 1327ರ ಸುಮಾರಿಗೆ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ತುತ್ತಾಯಿತು. ಅದಾದ ಎರಡು ಮೂರು ವರ್ಷಗಳಲ್ಲಿಯೇ ಅದೇ ಸುಲ್ತಾನನು ಬೆಳ್ಳಿಯ ಟಂಕಕ್ಕೆ ಬದಲಾಗಿ ಹಿತ್ತಾಳೆ ತಾಮ್ರಗಳ ಸಂಕೇತನಾಣ್ಯವನ್ನು ಬಳಕೆಗೆ ತಂದನು. ಪ್ರಜೆಗಳು ಅದನ್ನು ನಂಬದೆ, ಮನೆಮನೆಯಲ್ಲಿಯೂ ಕಳ್ಳನಾಣ್ಯಗಳು ಹುಟ್ಟಿಕೊಳ್ಳಲಾಗಿ, ಕೊನೆಗೆ ಅದನ್ನೆಲ್ಲ ಹಿಂದಕ್ಕೆ ಪಡೆಯಬೇಕಾಯಿತು. ಹರಿಹರ ಬುಕ್ಕರು ಕಂಪಿಲಿಯ ಬೊಕ್ಕಸದಲ್ಲಿ ಅಧಿಕಾರಿಗಳಾಗಿದ್ದರೆಂದು ಒಂದು ಐತಿಹ್ಯವುಂಟು. ಅದು ಹೇಗೆಯೇ ಇರಲಿ, ಅವರು ಸ್ಥಾಪಿಸಿದ ರಾಜ್ಯವು ತನ್ನ ನಾಣ್ಯದ ಬೆಲೆಯನ್ನು ಅರಸನ ಆಜ್ಞೆಯ ಮೇಲೆ ನಿಲ್ಲಿಸದೆ ಅದರೊಳಗಿನ ಚಿನ್ನದ ಮೇಲೆಯೇ ನಿಲ್ಲಿಸಿತು.

ಲೋಹ, ತೂಕ, ವಿಭಾಗ

ವರಹದ ತೂಕವು ಸುಮಾರು 3.4 ಗ್ರಾಂ. ಶಾಸನಗಳಲ್ಲಿ ಇದು ಗದ್ಯಾಣ, ಹೊನ್ನು, ವರಹ, ಘಟ್ಟಿವರಹ ಎಂಬ ಹೆಸರುಗಳಿಂದ ಕಾಣಿಸಿಕೊಳ್ಳುತ್ತದೆ. ಇದರ ಅರ್ಧವು ಪ್ರತಾಪ. ಪ್ರತಾಪದ ಹತ್ತನೆಯ ಒಂದು ಭಾಗವು ಹಣ. ಹಣವು ಗಾಳಿಗೆ ಹಾರಿಹೋಗುವಷ್ಟು ಹಗುರವಾದ, ಒಂದು ಗ್ರಾಮಿನ ಅರ್ಧಕ್ಕಿಂತಲೂ ಕಡಿಮೆ ತೂಕದ ಚಿನ್ನದ ಚೂರಾಗಿದ್ದರೂ ಬಳಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅನುಕೂಲವಾದುದೆಂದು ಆ ಕಾಲದಲ್ಲಿ ಬಂದ ಪರದೇಶಿಯೊಬ್ಬನು ಬರೆದಿದ್ದಾನೆ. ಹಣದ ಆರನೆಯ ಒಂದು ಭಾಗವು ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಭಾಗವು ತಾಮ್ರದ ಜೀತಲ. ಈ ಲೆಕ್ಕದಂತೆ ಒಂದು ವರಹಕ್ಕೆ ಎರಡು ಪ್ರತಾಪ, 20 ಹಣ, 120 ತಾರ, 360 ಜೀತಲಗಳಾಗುತ್ತವೆ.

ಸಂಡೂರಿನ ಬೆಟ್ಟಸಾಲಿನಲ್ಲಾಗಲಿ, ಅದರ ಸೆರಗಿನ ವಡ್ಡು, ತೋರಣಗಲ್ಲುಗಳ ಬಯಲಿನಲ್ಲಾಗಲಿ ಕಬ್ಬಿಣದ ಅದಿರು ಹೇರಳವಾಗಿದೆಯೇ ಹೊರತು ಚಿನ್ನ ಬೆಳ್ಳಿಗಳ ಗಣಿಗಳಿಲ್ಲ. ಚಿನ್ನವು ಪ್ರಾಚೀನ ಕಾಲದಿಂದಲೂ ಅಗೆತ ನಡೆದಿದ್ದ ಹಟ್ಟಿಯಂತಹ ಗಣಿಗಳಿಂದಲೂ, ಅದಕ್ಕಿಂತ ಮಿಗಿಲಾಗಿ ಮೆಣಸು, ಬಟ್ಟೆ, ಅಕ್ಕಿಗಳನ್ನು ಕೊಂಡೊಯ್ದ ಹಡಗುಗಳಿಂದಲೂ ಬರಬೇಕಾಗಿತ್ತು. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಗಾಗಿ ವಿಜಯನಗರಕ್ಕೂ ಬಹಮನೀ ರಾಜ್ಯಕ್ಕೂ ತಲೆಮಾರುಗಳ ಪರ್ಯಂತ ನಡೆದ ಕಾಳಗಗಳಿಗೆ ಆ ನೆಲದ ಫಲವತ್ತತೆಯೊಡನೆ ಅಲ್ಲಿನ ಚಿನ್ನವೂ ಒಂದು ಕಾರಣವಾಗಿದ್ದಿತೆಂದು ಇತಿಹಾಸಕಾರರು ಭಾವಿಸುತ್ತಾರೆ.

ಕಮ್ಮಟ

ನಾಣ್ಯ ತಯಾರಾಗುವ ಸ್ಥಳಕ್ಕೆ ಕಮ್ಮಟವೆಂದೂ ಟಂಕಸಾಲೆಯೆಂದೂ ಹೆಸರು. ಅಲ್ಲಿ ಲೋಹವನ್ನು ಕರಗಿಸಿ, ಒರೆಹಚ್ಚಿ, ನಿಯತವಾದ ತೂಕದ ಬಿಲ್ಲೆಗಳನ್ನಾಗಿ ಮಾಡಿ, ಕೆಳಗಿನ ಅಚ್ಚಿನ ಮೇಲೆ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಿಂದ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ದೇವರ ಕಿರೀಟವೋ ಅರಸನ ಹೆಸರಿನ ಒಂದೆರಡು ಅಕ್ಷರಗಳೋ ಅಂಚಿನಾಚೆಗೆ ಉಳಿದುಹೋಗುವುದು ಸಾಮಾನ್ಯವಾಗಿತ್ತು. ಒಂದೇ ಬಗೆಯ ಹಲವಾರು ನಾಣ್ಯಗಳನ್ನು ಒಟ್ಟಿಗಿಟ್ಟು ನೋಡಿದಾಗಲೇ ಪೂರ್ಣಪಾಠವು ದೊರೆಯುತ್ತದೆ.

ಹೆರಾತಿನ ಶಾರುಖನ ರಾಯಭಾರಿಯಾಗಿ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕನು ಈ ಕಮ್ಮಟವನ್ನು ಕುರಿತು ಬರೆದಿರುವ ವರ್ಣನೆಯು ಅಮೂಲ್ಯವಾದುದು. ಮೇಲೆ ಹೇಳಿದ ವಿಭಾಗಗಳ ಲೆಕ್ಕವು ಅವನದೇ. ಚಿನ್ನಕ್ಕೆ ಬೇರೆ ಲೋಹವನ್ನು ಬೆರಸುತ್ತಿದ್ದರೆಂದೂ ತಾರವನ್ನು ಮಾತ್ರ ಶುದ್ಧವಾದ ಬೆಳ್ಳಿಯಿಂದಲೇ ಮಾಡುತ್ತಿದ್ದರೆಂದೂ ಅವನು ತಿಳಿಸುತ್ತಾನೆ. ಎಲ್ಲ ಪ್ರಾಂತಗಳ ಚಿನ್ನವೂ ಗೊತ್ತಾದ ಕಾಲಕ್ಕೆ ಕಮ್ಮಟಕ್ಕೆ ಬಂದು ಸೇರುತ್ತಿದ್ದಿತು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳವು ಅಲ್ಲಿಂದಲೇ ಸಲ್ಲುತ್ತಿದ್ದಿತು. ಪ್ರಾಂತಗಳ ಕಂದಾಯದ ಮೇಲೆ ಯಾರಿಗೂ ಹುಂಡಿಯನ್ನು ಬರೆದುಕೊಡುತ್ತಿರಲಿಲ್ಲ. ಕಮ್ಮಟದ ಎದುರಿಗೆ ನಗರರಕ್ಷಣಾಧಿಕಾರಿಯ ಕಚೇರಿಯಿದ್ದು, ಅವನ ಕೈಕೆಳಗಿನ 12,000 ಕಾವಲುಗಾರರಿಗೆ ದಿನವೊಂದಕ್ಕೆ 12,000 ಹಣಗಳ ವೆಚ್ಚವಾಗುತ್ತಿದ್ದಿತು ಎಂಬ ಅವನ ಮಾತಿನಿಂದ ಕಾವಲುಗಾರನೊಬ್ಬನ ದಿನಗೂಲಿಯು ಒಂದು ಹಣವಾಗಿದ್ದಿತೆಂದು ಗೊತ್ತಾಗುತ್ತದೆ. ಸ್ವತಃ ರಾಯಭಾರಿಗೆ ಪ್ರತಿದಿನವೂ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆಗಳ ಜೊತೆಗೆ ಎರಡು ವರಹಗಳ ಭತ್ಯವು ಸಲ್ಲುತ್ತಿದ್ದಿತು. ಈ ಎರಡು ಸಂಖ್ಯೆಗಳನ್ನು ಜೊತೆಯಲ್ಲಿಟ್ಟರೆ ರಾಯಭಾರಿಯ ಒಂದು ದಿನದ ಭತ್ಯವು ನಲವತ್ತು ಕಾವಲುಗಾರರ ದಿನಗೂಲಿಗೆ ಸಮವಾಯಿತು. ಹಂಪೆಯ ಅರಮನೆಯ ಆವರಣದ ಪಶ್ಚಿಮಕ್ಕೆ, ದಣ್ಣಾಯಕನ ಆವರಣವೆನ್ನುವ ಎಡೆಯ ಬಳಿಯಲ್ಲಿ, ಇಂದಿಗೂ ಟಂಕಸಾಲೆಯೆಂದು ಕರೆಯಲಾಗುವ ಕಟ್ಟಡಗಳ ಅವಶೇಷಗಳಿವೆ.

ಮುದ್ರೆಗಳೂ ಅರಸರೂ

ಒಂದನೆಯ ಹರಿಹರನ (1336-1356) ಮತ್ತು ಬುಕ್ಕನ (1356-1377) ನಾಣ್ಯಗಳ ಮುಂಬದಿಯಲ್ಲಿ, ಕೆಲವರು ಹನುಮಂತನೆಂದೂ ಕೆಲವರು ಗರುಡನೆಂದೂ ಗುರುತಿಸಿರುವ, ಧಾವಿಸುತ್ತಿರುವ ಭಂಗಿಯ ಮೂರ್ತಿಯಿದೆ. ಪಂಪಾಕ್ಷೇತ್ರವು ಕಿಷ್ಕಿಂಧೆಯೆಂಬ ನಂಬಿಕೆಯು ಈ ಸೀಮೆಯಲ್ಲಿ ಎಷ್ಟು ಬೇರೂರಿದೆಯೆಂಬುದನ್ನು ಬಲ್ಲವರಿಗೆ ಹೊಸ ರಾಜ್ಯದ ಮೊದಲ ಮುದ್ರೆಯಲ್ಲಿ ಹನುಮಂತನನ್ನು ಕಾಣುವುದು ಸಹಜವಾಗಿಯೇ ತೋರುತ್ತದೆ. ಎರಡನೆಯ ಹರಿಹರನ (1377-1404) ಕಾಲಕ್ಕೆ ಮುದ್ರೆಗಳು ವಿಪುಲವಾದವು. ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹ, ಬ್ರಹ್ಮಸರಸ್ವತಿಯರು ಜೋಡಿಯಾಗಿ ಕುಳಿತ ರೂಪಗಳೂ, ಹಿಂಬದಿಯಲ್ಲಿ ‘ಶ್ರೀ ಪ್ರತಾಪ ಹರಿಹರ’ ಎಂಬ ನಾಗರೀ ಲೇಖವೂ ಆಗ ಕಾಣಿಸಿಕೊಂಡವು. ಶೈವ ವೈಷ್ಣವಗಳೆರಡನ್ನೂ ಒಂದೇ ಬೊಕ್ಕಸದಿಂದ ಸಮಾನವಾಗಿ ಮೆರೆಯಿಸಿದ ಈ ನಾಣ್ಯಗಳು ಆ ಅರಸರ ಧರ್ಮನೀತಿಗೆ ಶಾಸನಗಳಷ್ಟೇ ಪ್ರಬಲವಾದ ಸಾಕ್ಷಿಗಳಾಗಿವೆ.

ಇಮ್ಮಡಿ ದೇವರಾಯನ (1424-1446) ಕಾಲದಲ್ಲಿ ಉಮಾಮಹೇಶ್ವರ ಮುದ್ರೆಯೊಡನೆ ಆನೆಯ ಮುದ್ರೆಯು ಪ್ರಸಿದ್ಧಿಗೆ ಬಂದಿತು; ತಾಮ್ರದ ನಾಣ್ಯಗಳ ಮೇಲೆ ‘ರಾಯ ಗಜಗಂಡಭೇರುಂಡ’ ಎಂಬ ಬಿರುದೂ ಉಂಟು. ಅಚ್ಯುತರಾಯನ (1529-1542) ವರಹದ ಮೇಲೆ ಆ ಗಂಡಭೇರುಂಡವೇ ಅವತರಿಸಿ, ಎರಡು ಕೊಕ್ಕುಗಳಲ್ಲಿಯೂ ಎರಡು ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದುಕೊಂಡು ನಿಂತಿದೆ. ಈ ಅಲ್ಪಸ್ಥಳದಲ್ಲಿ ಅಷ್ಟು ಓಜಸ್ಸನ್ನು ತುಂಬಿದ ಅಚ್ಚುಗಾರನ ಕೌಶಲ್ಯವು ವಿಠ್ಠಲದೇವಾಲಯದ ಶಿಲ್ಪಿಯ ಕೌಶಲ್ಯಕ್ಕೆ ಕಡಿಮೆಯಾದುದಲ್ಲ. ಸದಾಶಿವರಾಯನು ಲಕ್ಷ್ಮೀನಾರಾಯಣ ಮುದ್ರೆಗೆ ಮರಳಿದನು. ಪತನಾನಂತರ ಪೆನುಗೊಂಡೆಯಿಂದ ಆಳಿದ ತಿರುಮಲರಾಯನು ಸೀತಾಸಮೇತನಾಗಿ ಕುಳಿತ ರಾಮನನ್ನೂ ಬಳಿಯಲ್ಲಿ ನಿಂತ ಲಕ್ಷ್ಮಣನನ್ನೂ ತನ್ನ ವರಹದ ಮೇಲೆ ಬರೆಯಿಸಿದನು. ಅವನ ಬಳಿಕ ಬಂದವರು ವೆಂಕಟೇಶ್ವರನ ಮೂರ್ತಿಯನ್ನೂ ‘ಶ್ರೀ ವೆಂಕಟೇಶ್ವರಾಯ ನಮಃ’ ಎಂಬ ಲೇಖವನ್ನೂ ಆರಿಸಿಕೊಂಡಾಗ ಅರಸನ ಹೆಸರು ನಾಣ್ಯದಿಂದ ಮರೆಯಾಗಿ ದೇವರ ಹೆಸರೊಂದೇ ಉಳಿಯಿತು.

ಬಾಲಕೃಷ್ಣ ವರಹ

ಇವೆಲ್ಲವುಗಳಲ್ಲಿ ಐತಿಹಾಸಿಕ ಘಟನೆಯೊಂದಕ್ಕೆ ನೇರವಾಗಿ ಸಂಬಂಧಿಸಿದುದು ಕೃಷ್ಣದೇವರಾಯನ (1509-1529) ಬಾಲಕೃಷ್ಣ ವರಹ. ಗಜಪತಿ ಪ್ರತಾಪರುದ್ರನ ವಶದಲ್ಲಿದ್ದ ಉದಯಗಿರಿಯ ದುರ್ಗವನ್ನು ದೀರ್ಘಕಾಲದ ಮುತ್ತಿಗೆಯ ಅನಂತರ 1514ರಲ್ಲಿ ಜಯಿಸಿದ ರಾಯನು ಅಲ್ಲಿದ್ದ ಬಾಲಕೃಷ್ಣನ ವಿಗ್ರಹವನ್ನು ವಿಜಯನಗರಕ್ಕೆ ತರಿಸಿ, ಅದಕ್ಕಾಗಿಯೇ ಕಟ್ಟಿಸಿದ ಕೃಷ್ಣದೇವಾಲಯದಲ್ಲಿ 1515ರಲ್ಲಿ ಪ್ರತಿಷ್ಠಾಪಿಸಿದನು. ಅದೇ ಜಯದ ಸಂಭ್ರಮದಲ್ಲಿ ತಿರುಮಲೆಯ ಸ್ವಾಮಿಗೆ 30,000 ಚಿನ್ನದ ನಾಣ್ಯಗಳಿಂದ ಕನಕಾಭಿಷೇಕವನ್ನು ಮಾಡಿಸಿದುದು ಅಲ್ಲಿನ ಶಾಸನದಲ್ಲಿ ಉಲ್ಲೇಖಿತವಾಗಿದೆ. ವರಹದ ಮುಂಬದಿಯಲ್ಲಿ ಕೈಯಲ್ಲಿ ಬೆಣ್ಣೆಯ ಮುದ್ದೆಯನ್ನು ಹಿಡಿದು ಕುಳಿತ ಮಗು ಕೃಷ್ಣನ ರೂಪವೂ, ಹಿಂಬದಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ಮೂರು ಸಾಲಿನ ನಾಗರೀ ಲೇಖವೂ ಇವೆ. ಮೊದಮೊದಲು ಕೆಲವು ವಿದ್ವಾಂಸರು ಈ ರೂಪವನ್ನು ದೇವಿಯದೆಂದು ಭ್ರಮಿಸಿದ್ದರು. ಉದಯಗಿರಿಯ ವೃತ್ತಾಂತದೊಡನೆ ಹೋಲಿಸಿ ನೋಡಿದ ಮೇಲೆ ಸಂದೇಹವು ನಿವಾರಣೆಯಾಯಿತು. ವಿಗ್ರಹದ ಭಾಗವು ಇಂದು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗುಡಿಯು ಹಂಪೆಯಲ್ಲಿ ಬರಿದಾಗಿ ನಿಂತಿದೆ. ದೇವರು, ಗುಡಿ, ಜಯ ಇವು ಮೂರರ ಸಂಬಂಧವನ್ನು ಅಖಂಡವಾಗಿ ಉಳಿಸಿಕೊಂಡಿರುವುದು ಈ ಪುಟ್ಟ ವರಹವೊಂದೇ.

ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಈ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿದವನು. ನಾಣ್ಯದ ಒಂದು ಬದಿಯಲ್ಲಿ ಎರಡು ಮೂರ್ತಿಗಳೂ ಇನ್ನೊಂದು ಬದಿಯಲ್ಲಿ ಅದನ್ನು ಹೊರಡಿಸಿದ ಅರಸನ ಹೆಸರೂ ಇರುತ್ತವೆಂದೂ, ಈಗಿನ ಅರಸನ ನಾಣ್ಯದ ಮೇಲೆ ಮಾತ್ರ ಒಂದೇ ಮೂರ್ತಿಯಿದೆಯೆಂದೂ ಅವನು ಬರೆದುದು ಉಮಾಮಹೇಶ್ವರಾದಿ ಯುಗ್ಮಮುದ್ರೆಗಳಿಗೂ ಬಾಲಕೃಷ್ಣ ಮುದ್ರೆಗೂ ಚೆನ್ನಾಗಿ ಹೊಂದುತ್ತದೆ. ‘ಪರದಾವ’ವೆಂದು ಅವನು ಕರೆಯುವ, ಭಾರತದಲ್ಲೆಲ್ಲ ಸಲ್ಲುವ ಈ ವರಹದ ಬೆಲೆಯು ಪೋರ್ಚುಗೀಸರ 360 ರೈಸುಗಳೆಂದೂ ಅವನು ಹೇಳಿದ್ದಾನೆ.

ಬೆಳ್ಳಿಯೂ ದ್ವೀಪಗಳೂ

ವಿಜಯನಗರದ ನೆರೆಯ ಬಹಮನೀ ಸುಲ್ತಾನರು ಬೆಳ್ಳಿಯ ಟಂಕವನ್ನು ಪ್ರಧಾನವಾಗಿ ಬಳಸುತ್ತಿರಲು, ತುಂಗಭದ್ರೆಯ ದಕ್ಷಿಣಕ್ಕೆ ಚಿನ್ನವೇ ಪ್ರಧಾನವಾಗಿ, ಬೆಳ್ಳಿಯು ಹಣಕ್ಕೂ ಜೀತಲಕ್ಕೂ ನಡುವಣ ಚಿಲ್ಲರೆಯ ಸ್ಥಾನಕ್ಕೆ ಇಳಿಯಿತು. ಆದುದರಿಂದಲೇ ತಾರಗಳು ಕಡಿಮೆಯಾಗಿ ಹುಟ್ಟಿ, ಕಡಿಮೆಯಾಗಿ ಉಳಿದು, ಇಂದಿನ ಸಂಗ್ರಾಹಕರಿಗೆ ಚಿನ್ನದ ವರಹಕ್ಕಿಂತಲೂ ದುರ್ಲಭವಾಗಿವೆ. ಬೆಳ್ಳಿಯ ಮಾರ್ಗವು ಸಮುದ್ರದ ಮಾರ್ಗವಾಗಿದ್ದಿತು. ಹಿಂದೂಮಹಾಸಾಗರದ ಬಂದರುಗಳಲ್ಲಿ ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಓಡಾಡಿದ ಬೆಳ್ಳಿಯ ನಾಣ್ಯವೆಂದರೆ ಲಾರಿನ್. ಬೆಳ್ಳಿಯ ತಂತಿಯನ್ನು ಮಡಿಸಿ ಮೇಲೆ ಮುದ್ರೆಯೊತ್ತಿದ ಇದನ್ನು ಪಾರಸಿಕ ಕೊಲ್ಲಿಯ ಹಡಗುಗಳು ಮಾಲ್ದೀವ್ ಮತ್ತು ಸಿಂಹಳ ದ್ವೀಪಗಳಿಗೆ ಒಯ್ದವು. ಸಿಂಹಳದಲ್ಲಿ ಅದು ಮೀನಿನ ಗಾಳದಂತೆ ಬಾಗಿದ ಆಕಾರವನ್ನೂ ತಳೆಯಿತು.

ಸಿಂಹಳ ದ್ವೀಪಕ್ಕೂ ವಿಜಯನಗರದ ನಾಣ್ಯಕ್ಕೂ ಇನ್ನೊಂದು ನಂಟುಂಟು. ಇಮ್ಮಡಿ ದೇವರಾಯನ ಮಹಾಪ್ರಧಾನನೂ, ಕನ್ನಡದಲ್ಲಿ ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿದ ಕವಿಯೂ ಆದ ಲಕ್ಕಣ್ಣ ದಂಡೇಶನು ದಕ್ಷಿಣಸಮುದ್ರಾಧಿಪತಿಯೆಂಬ ಬಿರುದನ್ನು ಧರಿಸಿದ್ದನು. ಅರಸನ ಮೇಲೆ ಕೊಲೆಯ ಪ್ರಯತ್ನವು ನಡೆದಾಗ ದಣ್ಣಾಯಕನು ಸಿಂಹಳದ ಎಲ್ಲೆಯ ಕಡೆಗೆ ಸಮುದ್ರಯಾನವನ್ನು ಕೈಗೊಂಡಿದ್ದನೆಂದು ಅಬ್ದುಲ್ ರಜಾಕನು ತಿಳಿಸುತ್ತಾನೆ. ದೇವರಾಯನಿಗೆ ಕೊಲ್ಲಂ, ಸಿಂಹಳ, ಪಳವೇರ್ಕಾಡು, ಪೆಗು, ತೆನಾಸೆರಿಮ್‌ಗಳಿಂದ ಕಪ್ಪವು ಸಲ್ಲುತ್ತಿದ್ದಿತೆಂದು ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಸನು ಒಂದು ಶತಮಾನದ ತರುವಾಯ ಬರೆದನು. ಈ ಲಕ್ಕಣ್ಣನ ಹೆಸರನ್ನೇ ಕನ್ನಡ ಅಕ್ಷರಗಳಲ್ಲಿ ಹೊತ್ತ, ಆನೆಯ ಮುದ್ರೆಯ ತಾಮ್ರದ ನಾಣ್ಯಗಳು ದೊರೆತಿವೆ. ಅರಸನಿಗೆ ಮೀಸಲಾದ ಸ್ಥಳದಲ್ಲಿ ಮಂತ್ರಿಯೊಬ್ಬನ ಹೆಸರು ನಿಲ್ಲುವುದು ಭಾರತದ ನಾಣ್ಯಚರಿತ್ರೆಯಲ್ಲಿಯೇ ವಿರಳ. ದಕ್ಷಿಣಸಮುದ್ರದ ಒಡೆತನವು ಅವನಿಗೆ ತಂದುಕೊಟ್ಟ ಗೌರವವು ಎಷ್ಟೆಂಬುದಕ್ಕೆ ಅದು ಸಾಕ್ಷಿ.

ಲೋಹದ ಬೆಲೆಯನ್ನೇ ತನ್ನ ಬೆಲೆಯನ್ನಾಗಿ ಉಳ್ಳ, ನಾಡೊಂದರ ಕೀರ್ತಿಯನ್ನು ಸಾರುವ ನಾಣ್ಯಗಳು ನಮ್ಮ ಕಾಲದಲ್ಲಿ ಬೆಳ್ಳಿಯ ರೂಪದಲ್ಲಿ ಮರಳಿ ಬಂದಿವೆ. ಬ್ರಿಟನ್ನಿನ ಬ್ರಿಟಾನಿಯಾ ಬೆಳ್ಳಿನಾಣ್ಯವು 1997ರಿಂದ ಹೊರಡುತ್ತಿದೆ. ಫೀಜಿ, ನಿಯುವೆ, ತುವಾಲುಗಳಂತಹ ಚಿಕ್ಕ ದ್ವೀಪರಾಷ್ಟ್ರಗಳ ಹೆಸರಿನಲ್ಲಿಯೂ ಸಂಗ್ರಾಹಕರಿಗಾಗಿ ಇಂತಹ ನಾಣ್ಯಗಳು ಹುಟ್ಟುತ್ತಿವೆ. ಇವುಗಳ ರೂಢಿಯ ತೂಕವಾದ ಒಂದು ಟ್ರಾಯ್ ಔನ್ಸ್, ಎಂದರೆ 31.1 ಗ್ರಾಂ, ಒಂಬತ್ತು ವರಹಗಳ ತೂಕಕ್ಕೆ ಹತ್ತಿರವಾದುದು. ಸಿಂಹಳವು ಬುದ್ಧಪರಿನಿರ್ವಾಣದ 2500ನೆಯ ವರ್ಷದ ಸ್ಮಾರಕವಾಗಿ 1957ರಲ್ಲಿ ಐದು ರೂಪಾಯಿಯ ಬೆಳ್ಳಿನಾಣ್ಯವನ್ನೂ, ಭಾರತವು ಗಾಂಧಿ ಶತಾಬ್ದಿಯ 1969ರಲ್ಲಿ ಹತ್ತು ರೂಪಾಯಿಯ ಬೆಳ್ಳಿನಾಣ್ಯವನ್ನೂ ಹೊರಡಿಸಿದವು. ಇವುಗಳಿಗೂ ಬಾಲಕೃಷ್ಣ ವರಹಕ್ಕೂ ಒಂದು ಮುಖ್ಯವಾದ ಅಂತರವಿದೆ. ಇಂದಿನ ಸ್ಮಾರಕನಾಣ್ಯವು ಪೆಟ್ಟಿಗೆಯಲ್ಲಿ ಜೋಪಾನವಾಗಿರತಕ್ಕದ್ದು. ಕೃಷ್ಣರಾಯನ ವರಹವು ಕುದುರೆಗೂ ಅಕ್ಕಿಗೂ ಸಂಬಳಕ್ಕೂ ಸಲ್ಲುತ್ತ, ಸವೆಯುತ್ತ, ಜಯದ ವಾರ್ತೆಯನ್ನು ಊರೂರಿಗೆ ಒಯ್ದಿತು.

ವ್ಯವಹಾರದಲ್ಲಿ

ಆ ಕುದುರೆಯ ವ್ಯಾಪಾರದಿಂದಲೇ ವರಹದ ವ್ಯಾಪ್ತಿಯನ್ನು ಅಳೆಯಬಹುದು. ಸಾಳುವ ನರಸಿಂಹನು ಹೊರ್ಮುಜ್ ಏಡನ್‌ಗಳ ಕುದುರೆಗಳನ್ನು ಸಾವಿರ ಪರದಾವಗಳಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದುದಕ್ಕೆ ಸಲ್ಲುವ ಹಣವನ್ನೇ ಕೊಡುತ್ತಿದ್ದನೆಂದೂ ನೂನಿಸನು ಹೇಳುತ್ತಾನೆ. ವರ್ತಕನ ನಷ್ಟವನ್ನು ಅರಸನು ತನ್ನ ಮೇಲೆ ಹಾಕಿಕೊಂಡು ಚಿನ್ನವನ್ನು ಎಣಿಸಿಕೊಟ್ಟುದರಿಂದ ಹಡಗುಗಳು ಮತ್ತೆ ಮತ್ತೆ ಬಂದವು. ನಗರದ ಹೆಬ್ಬಾಗಿಲೊಂದರ ಸುಂಕದ ಗುತ್ತಿಗೆಯು ವರ್ಷಕ್ಕೆ 12,000 ಪರದಾವಗಳಾಗಿದ್ದಿತೆಂದೂ ಅವನೇ ಬರೆದಿದ್ದಾನೆ. ಆ ಚಿನ್ನವೆಲ್ಲ ತಲೆಹೊರೆಯ ಕಟ್ಟಿಗೆ ಸೊಪ್ಪುಗಳಿಗೂ ತಪ್ಪದ ಸುಂಕದಿಂದ, ಜೀತಲ ಜೀತಲವಾಗಿ, ಒಟ್ಟುಗೂಡಿದುದೆಂಬುದನ್ನು ಮರೆಯಲಾಗದು. ಪೇಟೆಗಳಲ್ಲಿ ನಾಣ್ಯವನ್ನು ಒರೆಗಲ್ಲಿಗೆ ತಿಕ್ಕಿ ಬೆಲೆಕಟ್ಟುವ ಕೆಲಸವು ಚಿನಿವಾರರದು. ಅರಸನ ಮುದ್ರೆಯಿದ್ದರೂ ಅವರ ಒರೆಗೆ ನಿಲ್ಲದ ವರಹಕ್ಕೆ ಮಾನ್ಯತೆಯಿರಲಿಲ್ಲ.

ಪತನಾನಂತರದ ಬಾಳು

1565ರ ಜನವರಿಯಲ್ಲಿ ನಡೆದ ಯುದ್ಧದ ಸೋಲಿನಿಂದ ರಾಜಧಾನಿಯು ಹಾಳಾಯಿತು. ಎರಡು ವರ್ಷಗಳ ಬಳಿಕ ಇಲ್ಲಿಗೆ ಬಂದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕನು ಗೋವೆಗೆ ಹಿಂದಿರುಗುವಾಗ ಪಟ್ಟ ಪಾಡೊಂದು ಆ ಪತನದ ಅರ್ಥವನ್ನು ಕೋಟೆಗೋಡೆಗಳ ಬಿರುಕುಗಳಿಗಿಂತ ಸ್ಪಷ್ಟವಾಗಿ ತಿಳಿಸುತ್ತದೆ. ದಾರಿಯ ಒಬ್ಬೊಬ್ಬ ಪಾಳೆಯಗಾರನೂ ತನ್ನದೇ ಆದ ತಾಮ್ರದ ಕಾಸನ್ನು ಹೊರಡಿಸಿದ್ದನಾಗಿ, ಇಂದು ಪಡೆದ ಚಿಲ್ಲರೆಯು ನಾಳೆಯ ಊರಿನಲ್ಲಿ ಸಲ್ಲುತ್ತಿರಲಿಲ್ಲ. ಕೇಂದ್ರಶಕ್ತಿಯು ಕುಂದಿದೊಡನೆ ಮೊದಲು ಒಡೆದುದು ತಾಮ್ರದ ನಾಣ್ಯ. ತನ್ನ ಬೆಲೆಯನ್ನು ತನ್ನೊಳಗೇ ಇರಿಸಿಕೊಂಡಿದ್ದ ಚಿನ್ನದ ವರಹವು ಮಾತ್ರ ಒಡೆಯಲಿಲ್ಲ.

ಕೆಳದಿಯ ನಾಯಕರು ಉಮಾಮಹೇಶ್ವರ ಮುದ್ರೆಯನ್ನು ಮುಂದುವರಿಸಿ ಇಕ್ಕೇರಿ ವರಹವನ್ನು ಹೊರಡಿಸಿದರು. ಆ ರಾಜ್ಯವನ್ನು ಗೆದ್ದ ಹೈದರಾಲಿಯು ಶಿವಪಾರ್ವತಿಯರ ರೂಪವನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸೀ ಅಕ್ಷರವನ್ನು ಮಾತ್ರ ಇರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದ ಮೇಲೆಯೂ ಅದೇ ದಂಪತಿಗಳು ಕಾಣಿಸುತ್ತಾರೆ. ಕರಾವಳಿಯಲ್ಲಿ ಡಚ್ಚರೂ ಇಂಗ್ಲಿಷರೂ ಪ್ರಜೆಗಳು ಒಪ್ಪುವ ನಾಣ್ಯವೇ ಬೇಕಾದುದರಿಂದ ವರಹವನ್ನೇ ಅನುಕರಿಸಿದರು. 1639ರಲ್ಲಿ ಮದರಾಸಿನ ನೆಲವನ್ನು ಪಡೆದಾಗ ಇಂಗ್ಲಿಷ್ ಕಂಪೆನಿಗೆ ದೊರೆತ ಹಕ್ಕುಗಳಲ್ಲಿ ನಾಣ್ಯ ಹೊಡೆಯುವ ಹಕ್ಕೂ ಸೇರಿದ್ದಿತು. ಅವರ ‘ಮೂರು ಸ್ವಾಮಿ’ ವರಹದ ಮೇಲೆ ಇಬ್ಬರು ದೇವಿಯರೊಡನೆ ವೆಂಕಟೇಶ್ವರನು ನಿಂತಿದ್ದಾನೆ. 1818ರಲ್ಲಿ ಕಂಪೆನಿಯು ಮದರಾಸು ಪ್ರಾಂತದಲ್ಲಿ ಬೆಳ್ಳಿಯ ರೂಪಾಯಿಯನ್ನೇ ಪ್ರಮಾಣವನ್ನಾಗಿ ಮಾಡಿ, ತಾನೇ ಹೊರಡಿಸಿದ್ದ ನಕ್ಷತ್ರ ವರಹವೊಂದಕ್ಕೆ ಮೂರೂವರೆ ರೂಪಾಯಿಯ ದರವನ್ನು ನಿಗದಿಮಾಡಿದಾಗ ಈ ದೀರ್ಘವಾದ ಚಿನ್ನದ ಯುಗವು ಮುಗಿಯಿತು. ವಿಜಯನಗರದಲ್ಲಿ ಚಿಲ್ಲರೆಯಾಗಿದ್ದ ಬೆಳ್ಳಿಯು ಅಂದಿನಿಂದ ದಕ್ಷಿಣದ ಒಡತಿಯಾಯಿತು.

ಅಧ್ಯಯನ ಮತ್ತು ಸಂರಕ್ಷಣೆ

ಈ ನಾಣ್ಯಗಳ ಶಾಸ್ತ್ರೀಯವಾದ ಅಧ್ಯಯನಕ್ಕೆ ವಾಲ್ಟರ್ ಎಲಿಯಟ್ಟನು 1886ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ನಾಣ್ಯಗಳ ಗ್ರಂಥವೂ, ಶಾಸನತಜ್ಞ ಹುಲ್ಟ್ಜ್‌ನು 1891ರಲ್ಲಿ ವಿಜಯನಗರದ ಅರಸರ ನಾಣ್ಯಗಳನ್ನು ಕುರಿತು ಬರೆದ ಲೇಖನವೂ ತಳಹದಿಯನ್ನು ಹಾಕಿದವು. ಕರ್ನಾಟಕದ ವಿದ್ವಾಂಸರಲ್ಲಿ ಎ. ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಪರಂಪರೆಯನ್ನು ಸಮಗ್ರವಾಗಿ ನಿರೂಪಿಸಿದರು. ಕಮಲಾಪುರದ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ಈ ನಾಣ್ಯಗಳನ್ನು ಅವು ಚಲಾವಣೆಯಲ್ಲಿದ್ದ ನೆಲದಲ್ಲಿಯೇ ನೋಡಬಹುದು. ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯವೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯಸಂಗ್ರಹಾಲಯವೂ ಆಸಕ್ತರು ನೋಡತಕ್ಕವು. ಹಂಪೆಯು 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಅಲ್ಲಿನ ಕಲ್ಲಿನ ರಥವು 2017ರಿಂದ ಐವತ್ತು ರೂಪಾಯಿಯ ನೋಟಿನ ಮೇಲೆ ಅಚ್ಚಾಗುತ್ತಿದೆ.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ನಾಣ್ಯವನ್ನು ಕರಗಿಸುವುದಾಗಲಿ ಗುಟ್ಟಾಗಿ ಮಾರುವುದಾಗಲಿ ಅಪರಾಧ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರ ನಿಧಿಶಾಸನವು ವಿಧಿಸುತ್ತದೆ. ಆದರೆ ಶಾಸನದ ಭಯಕ್ಕಿಂತ ಮೇಲಾದ ಕಾರಣವೊಂದಿದೆ. ಯಾವ ಊರಿನ, ಯಾವ ಹೊಲದ, ಯಾವ ಮಡಕೆಯಲ್ಲಿ, ಬೇರೆ ಯಾವ ನಾಣ್ಯಗಳ ಸಂಗಡ ದೊರೆಯಿತೆಂಬುದನ್ನು ಕಳೆದುಕೊಂಡ ವರಹವು ಮೂರು ಗ್ರಾಂ ಚಿನ್ನವಾಗಿ ಮಾತ್ರ ಉಳಿಯುತ್ತದೆ. ಆ ವಿವರವನ್ನು ಉಳಿಸಿಕೊಂಡ ತಾಮ್ರದ ಜೀತಲವೊಂದು ಶಾಸನಗಳು ಹೇಳದ ಸಂತೆಯನ್ನೂ ದಾರಿಯನ್ನೂ ಕೂಲಿಯನ್ನೂ ಕುರಿತು ಹೇಳಬಲ್ಲುದು. ವಿಜಯನಗರದ ಅರಸರು ನಾಣ್ಯದ ಬೆಲೆಯನ್ನು ಲೋಹದಲ್ಲಿಟ್ಟರು. ಅವರ ನಾಡಿನವರಾದ ನಮಗೆ ಅದರ ಬೆಲೆಯಿರುವುದು ಅದು ಕೊಡುವ ತಿಳಿವಳಿಕೆಯಲ್ಲಿ. ಆದಕಾರಣ ಸಂಗ್ರಹದ ಹವ್ಯಾಸವುಳ್ಳವರ ಮೊದಲ ಕರ್ತವ್ಯವು ಕೊಳ್ಳುವುದಲ್ಲ, ದೊರೆತ ಸ್ಥಳವನ್ನು ದಾಖಲೆಮಾಡುವುದು.